ಜೀನ್ಸ್ ಬಟ್ಟೆ ಮತ್ತು ನಮ್ಮ ನಾರಿನ ಗಿಡಗಳು



ಮನೆಯಲ್ಲಿ ಹಳೆಯದೊಂದು ಜೀನ್ಸ್ ಪ್ಯಾಂಟು ಇದ್ದರೆ, ಮುಂದೆ ಓದುವ ಮೊದಲು ಅದನ್ನು ಹತ್ತಿರಕ್ಕೆ ತಂದುಕೊಳ್ಳಿ. ಕಾಲಿನ ತುದಿಯ ಮಡಿಕೆ ಸವೆದಿರುವ ಕಡೆ ಸೂಜಿಯಿಂದ ಎರಡು ಎಳೆಗಳನ್ನು ಬಿಡಿಸಿ. ಉದ್ದಕ್ಕೆ ಓಡುವ ಎಳೆ ನೀಲಿ, ಅಡ್ಡಕ್ಕೆ ಓಡುವ ಎಳೆ ಬಿಳಿ. ಈಗ ನೀಲಿ ಎಳೆಯ ಹುರಿಯನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಹೊರಗೆ ಮಾತ್ರ ನೀಲಿ. ಒಳಗಿನ ತಿರುಳು ಬಿಳಿಯಾಗಿಯೇ ಉಳಿದಿರುತ್ತದೆ.

ಉದ್ದದ ಎಳೆಯನ್ನು ನಮ್ಮ ನೇಕಾರರು ಹಾಸು ಎನ್ನುತ್ತಾರೆ, ಅಡ್ಡದ ಎಳೆಯನ್ನು ಹೊಕ್ಕು ಎನ್ನುತ್ತಾರೆ. ‘ಹಾಸುಹೊಕ್ಕು’ ಎಂದು ನಾವು ದಿನವೂ ಆಡುವ ಮಾತು ಮಗ್ಗದಿಂದಲೇ ಬಂದದ್ದು. ಡೆನಿಮ್ ಬಟ್ಟೆಯಲ್ಲಿ ಹಾಸಿನ ಎಳೆ ಸಾಮಾನ್ಯವಾಗಿ ಮೂರು ಹೊಕ್ಕಿನ ಎಳೆಗಳ ಮೇಲೆ ಹಾದು ನಾಲ್ಕನೆಯದರ ಕೆಳಗೆ ಇಳಿಯುತ್ತದೆ. ಆದ್ದರಿಂದಲೇ ಬಟ್ಟೆಯ ಹೊರಮೈ ನೀಲಿ, ಒಳಮೈ ಬಿಳಿ. ಮೈಮೇಲೆ ಓರೆ ಗೆರೆಗಳು. ಈ ಸರಳ ರಚನೆಯನ್ನು ನೆನಪಿನಲ್ಲಿಡಿ. ಇಂದು ನಾವು ಕೇಳಲಿರುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಪ್ರಶ್ನೆ ಇಷ್ಟೇ: ಡೆನಿಮ್ ಬಟ್ಟೆಯನ್ನು ಭೂಮಿಗೆ ಹೊರೆಯಾಗದ ಸಸ್ಯನಾರಿನಿಂದ ಮಾಡಬಹುದೇ? ಮಾಡಬಹುದಾದರೆ ಯಾವ ಗಿಡದಿಂದ?

ಇದು ಎಲ್ಲೋ ದೂರದ ದೇಶದ ಪ್ರಶ್ನೆಯಲ್ಲ. ಬೆಳಿಗ್ಗೆ ಪೀಣ್ಯದ ರಸ್ತೆಗಳಲ್ಲಿ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ನಡೆಯುವ ಹೆಣ್ಣುಮಕ್ಕಳನ್ನು ನೀವು ನೋಡಿರುತ್ತೀರಿ. ಅದೇ ಹೊತ್ತಿಗೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಬಸ್ಸುಗಳಲ್ಲಿ ಜೀನ್ಸ್ ತೊಟ್ಟ ಸಾವಿರಾರು ಯುವಕ ಯುವತಿಯರು ಕಚೇರಿಗೆ ಹೊರಟಿರುತ್ತಾರೆ. ನಗರದ ಒಂದು ಅಂಚಿನಲ್ಲಿ ಉಡುಪು ಹೊಲಿಯುವವರು, ಇನ್ನೊಂದು ಅಂಚಿನಲ್ಲಿ ಉಡುವವರು. ಬೆಂಗಳೂರಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಬಳ್ಳಾರಿಯಂತೂ ಜೀನ್ಸ್ ಊರೆಂದೇ ಹೆಸರಾಗಿದೆ. ಅಲ್ಲಿ ನೂರಾರು ಸಣ್ಣ ಘಟಕಗಳಲ್ಲಿ, ಅನೇಕ ಮನೆಗಳ ಜಗಲಿಗಳಲ್ಲಿಯೂ ಜೀನ್ಸ್ ಹೊಲಿಯುವ ಯಂತ್ರದ ಸದ್ದು ಕೇಳುತ್ತದೆ. ಆ ಬಟ್ಟೆಯ ಹತ್ತಿಯೂ ನಮ್ಮ ನಾಡಿಗೆ ಹೊಸತಲ್ಲ.

ಒಂದು ಪ್ಯಾಂಟಿಗೆ ಎಷ್ಟು ಕೊಡ ನೀರು?

ಮೊದಲು ಲೆಕ್ಕ ಹಾಕೋಣ. 1873ರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯ ಜೊತೆ ಸೇರಿ, ತಾಮ್ರದ ಗುಬುಟು ಬಡಿದ ಪ್ಯಾಂಟಿಗೆ ಪೇಟೆಂಟ್ ಪಡೆದ ಲೀವೈ ಸ್ಟ್ರಾಸ್ ಕಂಪನಿಯೇ 2015ರಲ್ಲಿ ತನ್ನ ಒಂದು ಪ್ಯಾಂಟಿನ ಇಡೀ ಜೀವಿತದ ನೀರಿನ ಲೆಕ್ಕವನ್ನು ಪ್ರಕಟಿಸಿತು. ಹತ್ತಿ ಬಿತ್ತುವುದರಿಂದ ಹಿಡಿದು ಪ್ಯಾಂಟು ಹಳೆಯದಾಗುವವರೆಗೆ ಒಟ್ಟು 3,781 ಲೀಟರ್. 15 ಲೀಟರ್ ಹಿಡಿಯುವ ಕೊಡದಲ್ಲಿ ಅಳೆದರೆ ಸುಮಾರು 250 ಕೊಡ. ಅದರಲ್ಲಿ ನೂರಕ್ಕೆ 68 ಪಾಲು, ಅಂದರೆ ಸುಮಾರು 170 ಕೊಡ, ಹೊಲದಲ್ಲಿ ಹತ್ತಿ ಬೆಳೆಯುವುದಕ್ಕೆ. ನೂರಕ್ಕೆ 23 ಪಾಲು, ಸುಮಾರು 58 ಕೊಡ, ಕೊಂಡವರು ಮನೆಯಲ್ಲಿ ಒಗೆಯುವುದಕ್ಕೆ. ನೂಲುವುದು, ಬಣ್ಣ ಹಾಕುವುದು, ಹೊಲಿಯುವುದು, ಕಾರ್ಖಾನೆಯಲ್ಲಿ ತೊಳೆಯುವುದು ಇವೆಲ್ಲ ಉಳಿದ ಇಪ್ಪತ್ತಮೂರು ಕೊಡಗಳಲ್ಲಿ ಮುಗಿಯುತ್ತವೆ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ನೀರಿನ ದೊಡ್ಡ ಪಾಲು ಖರ್ಚಾಗುವುದು ಕಾರ್ಖಾನೆಯಲ್ಲಲ್ಲ, ಹೊಲದಲ್ಲಿ. ಆದ್ದರಿಂದ ಯಾವ ಗಿಡದ ನಾರು ಎಂಬ ಪ್ರಶ್ನೆ ಮುಖ್ಯ. ಎರಡನೆಯದು, ಕಾರ್ಖಾನೆಯ ಪಾಲು ಸಣ್ಣದಾದರೂ ಅದು ಬಣ್ಣ ಮತ್ತು ರಾಸಾಯನಿಕ ಬೆರೆತ ನೀರು. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕಗಳ ನೀರು ಎಲ್ಲಿಗೆ ಹೋಗಬೇಕೆಂಬುದು ಊರಿನವರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ವರ್ಷಗಳಿಂದ ಇರುವ ತಲೆನೋವು. ಆದ್ದರಿಂದ ನಾರನ್ನು ಆರಿಸುವಾಗ ಹೊಲವನ್ನೂ ನೋಡಬೇಕು, ಕಾರ್ಖಾನೆಯ ಮೋರಿಯನ್ನೂ ನೋಡಬೇಕು.

ಎರೆಭೂಮಿಯ ನಾಡಹತ್ತಿ

ಪ್ರಪಂಚದಲ್ಲಿ ಬೇಸಾಯಕ್ಕೆ ಒಗ್ಗಿದ ಹತ್ತಿಯ ಜಾತಿಗಳು ನಾಲ್ಕು. ಈ ನಾಲ್ಕನ್ನೂ ಬೆಳೆಯುವ ದೇಶ ನಮ್ಮದು. ಎರಡು ಜಾತಿಗಳು ಅಮೆರಿಕ ಖಂಡಗಳಿಂದ ಬಂದವು. ಇನ್ನೆರಡು, ಆರ್ಬೋರಿಯಂ ಮತ್ತು ಹರ್ಬೇಸಿಯಂ, ನಮ್ಮಲ್ಲಿ ಬಹುಕಾಲದಿಂದ ಇರುವ ನಾಡಹತ್ತಿಗಳು. ಧಾರವಾಡ, ಗದಗ ಸೀಮೆಯ ಎರೆಹೊಲಗಳ ಹತ್ತಿ ಒಂದು ಕಾಲದಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿತ್ತು. ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಅದೇ ಹರ್ಬೇಸಿಯಂ ಜಾತಿಯ ಜಯಧರ ತಳಿಯನ್ನು ನಿಮ್ಮ ಅಜ್ಜಂದಿರು ಬಲ್ಲರು. ಮಳೆಯ ತೇವವನ್ನು ಹಿಡಿದಿಟ್ಟುಕೊಳ್ಳುವ ಕಪ್ಪುಮಣ್ಣಿನಲ್ಲಿ ಬೇರನ್ನು ಆಳಕ್ಕೆ ಇಳಿಸಿ, ಕಾಲುವೆ ನೀರಿಲ್ಲದೆ ಬೆಳೆಯುವ ಗಿಡ ಅದು. ರಸಹೀರುವ ಕೀಟಗಳ ಕಾಟವೂ ಅದಕ್ಕೆ ಕಡಿಮೆ.

ಹಾಗಿದ್ದರೆ ಅದು ಹಿಂದೆ ಸರಿದದ್ದೇಕೆ? ಅದರ ಎಳೆ ಗಿಡ್ಡ, ಒರಟು. ಗಿರಣಿಗಳು ಉದ್ದ ಎಳೆಯ ಹತ್ತಿಗೆ ಹೆಚ್ಚು ಬೆಲೆ ಕೊಟ್ಟವು. 1972ರಲ್ಲಿ ಧಾರವಾಡದಲ್ಲೇ ಡಾ. ಬಿ. ಎಚ್. ಕಟರಕಿ ಅವರು ಎರಡು ಅಮೆರಿಕನ್ ಜಾತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಸೃಷ್ಟಿಸಿದರು. ಅಷ್ಟು ನಯವಾದ, ಉದ್ದ ಎಳೆಯ ಹತ್ತಿಗಾಗಿ ಅದುವರೆಗೆ ನಾವು ಹೊರದೇಶಗಳ ಕಡೆ ನೋಡಬೇಕಿತ್ತು. ಅದು ದೊಡ್ಡ ಸಾಧನೆ. 2002ರಲ್ಲಿ ಬಿ.ಟಿ. ಹತ್ತಿ ಬಂತು, ಇಂದು ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದರದ್ದೇ. ಇಳುವರಿ ಹೆಚ್ಚು ಕೊಡುವ ಈ ತಳಿಗಳು ಬೀಜದ ಬೆಲೆ, ಗೊಬ್ಬರ, ಔಷಧಿಗಳನ್ನೂ ಹೆಚ್ಚು ಕೇಳುತ್ತವೆ. ಮಳೆ ಕೈಕೊಟ್ಟ ವರ್ಷ ಆ ಖರ್ಚೆಲ್ಲ ರೈತನ ತಲೆಯ ಮೇಲೆ ಸಾಲವಾಗಿ ಕೂರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ನೂಲಿನ ನಯವನ್ನು ‘ನಂಬರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. 840 ಗಜ ಉದ್ದದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್ ತೂಗುತ್ತವೆಯೋ ಅದು ಆ ನೂಲಿನ ನಂಬರ್. ನಂಬರ್ ಹೆಚ್ಚಿದಷ್ಟೂ ನೂಲು ತೆಳು. ಒಳ್ಳೆಯ ಅಂಗಿಬಟ್ಟೆಗೆ 40ರಿಂದ 100ನೇ ನಂಬರಿನ ನೂಲು ಬೇಕು. ಡೆನಿಮ್ಮಿಗೆ ಬೇಕಾದದ್ದು ಸುಮಾರು 7ರಿಂದ 16ನೇ ನಂಬರಿನ ದಪ್ಪ ನೂಲು. ದಪ್ಪ ನೂಲಿನ ಅಡ್ಡ ಕೊಯ್ತದಲ್ಲಿ ಹೆಚ್ಚು ಎಳೆಗಳಿರುವುದರಿಂದ ಒಂದೊಂದು ಎಳೆಯೂ ಉದ್ದವಾಗಿರಬೇಕೆಂಬ ನಿಯಮವಿಲ್ಲ. 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ರೋಟರ್ ಯಂತ್ರ ಗಿಡ್ಡ ಎಳೆಯನ್ನೂ ಚೆನ್ನಾಗಿ ನೂಲುತ್ತದೆ. ಡೆನಿಮ್ ನೂಲಿಗೂ ಅದನ್ನು ಬಳಸುತ್ತಾರೆ. ಅಂದರೆ ಗಿಡ್ಡ, ಒರಟು ಎಂದು ನಾವು ಬದಿಗಿಟ್ಟ ಹತ್ತಿಯ ಗುಣಗಳು ಡೆನಿಮ್ಮಿಗೆ ಅಡ್ಡಿಯಲ್ಲ. ಗುಜರಾತಿನ ಕಚ್ಛ್‌ನಲ್ಲಿ ಇದೇ ಹರ್ಬೇಸಿಯಂ ಜಾತಿಯ ಕಾಲಾ ಹತ್ತಿಯಿಂದ ಡೆನಿಮ್ ನೇಯ್ದು ತೋರಿಸಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಗಿಡದಲ್ಲೇ ಕಂದುಬಣ್ಣ ಪಡೆದು ಬರುವ ನಾಡಹತ್ತಿಯ ತಳಿಯನ್ನೂ ಬೆಳೆಸಿದೆ. ಹೊಕ್ಕಿನ ಎಳೆಗೆ ಬಿಳಿಯ ಬದಲು ಆ ಕಂದು ನೂಲನ್ನು ಹಾಕಿದರೆ ಬಣ್ಣವನ್ನೇ ಹಾಕದೆ ಹೊಸ ಬಗೆಯ ಡೆನಿಮ್ ಸಿಗುತ್ತದೆ.

ಪುಂಡಿ, ಸೆಣಬು, ಬಾಳೆ

ಹತ್ತಿಯನ್ನು ಬಿಟ್ಟು ಬೇರೆ ನಾರುಗಳಿಲ್ಲವೇ? ಇವೆ. ಉತ್ತರ ಕರ್ನಾಟಕದವರಿಗೆ ಪುಂಡಿ ಎಂದರೆ ಮೊದಲು ನೆನಪಾಗುವುದು ಪಲ್ಯ ಮತ್ತು ರೊಟ್ಟಿ. ಅದೇ ಬಳಗದ ಗಿಡಗಳ ದಂಟನ್ನು ನೀರಿನಲ್ಲಿ ಕೊಳೆಹಾಕಿ ತೆಗೆದ ನಾರಿನಿಂದಲೇ ರೈತರು ಹಗ್ಗ ಹೊಸೆದರು. ಸೆಣಬನ್ನು ಹಸಿರುಗೊಬ್ಬರಕ್ಕಾಗಿ ಬಿತ್ತುತ್ತೇವೆ; ಅದರ ದಂಟಿನಲ್ಲೂ ಗಟ್ಟಿ ನಾರಿದೆ. ಬಾಳೆಯಂತೂ ಒಮ್ಮೆ ಗೊನೆ ಬಿಟ್ಟ ಮೇಲೆ ಆ ದಿಂಡನ್ನು ಕಡಿದೇ ಹಾಕಬೇಕು. ಅದಕ್ಕಾಗಿ ಬೇರೆ ಭೂಮಿ ಬೇಡ, ಬೇರೆ ನೀರು ಬೇಡ. ಹಂಪಿಯ ಎದುರು ದಂಡೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳ್ಳಿಯ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕೆಲಸ ಕಲಿಸಿತು. ಅವರು ಹೆಣೆದ ಚೀಲ, ಚಾಪೆಗಳು ಊರೂರಿಗೆ ಹೋಗಿವೆ.

ಚೀಲ ಹೆಣೆದಷ್ಟು ಸುಲಭವಾಗಿ ಪ್ಯಾಂಟು ಆಗುವುದಿಲ್ಲ. ಏಕೆಂದು ನೋಡೋಣ. ಹತ್ತಿಯ ಒಂದು ಎಳೆ ಎಂದರೆ ಬೀಜದ ಮೇಲೆ ಬೆಳೆದ ಒಂದೇ ಒಂದು ಜೀವಕೋಶ. ಅದು ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ದಂಟಿನ ನಾರು ಹಾಗಲ್ಲ. ಅದು ಸಣ್ಣ ಸಣ್ಣ ಕೋಶಗಳ ಕಟ್ಟು. ಆ ಕೋಶಗಳನ್ನು ಪೆಕ್ಟಿನ್ ಮತ್ತು ಲಿಗ್ನಿನ್ ಎಂಬ ಅಂಟುಗಳು ಬೆಸೆದಿರುತ್ತವೆ. ಗಿಡ ನೆಟ್ಟಗೆ ನಿಲ್ಲುವುದು ಈ ಲಿಗ್ನಿನ್ ಬಲದಿಂದ. ಆ ನಾರಿನ ಬಟ್ಟೆ ಚುಚ್ಚುವುದೂ ಬಿಸಿಲಿಗೆ ಹಳದಿಯಾಗುವುದೂ ಅದರಿಂದಲೇ. ಗೋಣಿಚೀಲದ ನಾರಿನಲ್ಲಿ ನೂರಕ್ಕೆ ಸುಮಾರು 12 ಪಾಲು ಲಿಗ್ನಿನ್ ಇದೆ. ಈ ಅಂಟನ್ನು ಬಿಡಿಸಿ, ಕಟ್ಟನ್ನು ಬಿಡಿ ಎಳೆಗಳಾಗಿ ಒಡೆದು, ಹತ್ತಿಯ ಜೊತೆ ನೂಲಬಲ್ಲಷ್ಟು ಮೃದು ಮಾಡಬೇಕು. ಕ್ಷಾರದಲ್ಲಿ ಕುದಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಮೋರಿಗೆ ಹೊರೆ. ಕಿಣ್ವಗಳನ್ನು ಬಳಸಿದರೆ ಹೊರೆ ಕಡಿಮೆ, ಆದರೆ ಸಮಯ ಮತ್ತು ಖರ್ಚು ಹೆಚ್ಚು. ಹಳ್ಳಿಯ ಕೆರೆಯಲ್ಲಿ ಕೊಳೆಹಾಕಿದರೆ ನೀರಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ. ಯಾವ ದಾರಿಯೂ ಪೂರ್ತಿ ಉಚಿತವಲ್ಲ.

ಹೀಗಾಗಿ ಈ ನಾರುಗಳನ್ನು ಹತ್ತಿಯೊಡನೆ ಬೆರೆಸಿ ಬಳಸುತ್ತಾರೆ. 2019ರಲ್ಲಿ ಲೀವೈಸ್ ಕಂಪನಿ ಹತ್ತಿಯಂತೆ ಮೆದುವಾಗಿಸಿದ ಭಂಗಿ ಗಿಡದ ನಾರನ್ನು ನೂರಕ್ಕೆ ಸುಮಾರು 30ರಷ್ಟು ಬೆರೆಸಿ ಜೀನ್ಸ್ ಹೊರತಂದಿತು. ನಮ್ಮಲ್ಲಿ ಆ ಗಿಡ 1985ರ ಮಾದಕ ವಸ್ತು ಕಾಯ್ದೆಯ ಹಿಡಿತದಲ್ಲಿದೆ. ಸರ್ಕಾರದ ಅನುಮತಿ ಇಲ್ಲದೆ ಬೆಳೆಯುವಂತಿಲ್ಲ. ಬಾಳೆಗೆ ಅಂಥ ಅಡ್ಡಿಯಿಲ್ಲ.

ಈಗ ನೀವು ಬಿಡಿಸಿದ ಆ ಎರಡು ಎಳೆಗಳನ್ನು ಮತ್ತೆ ನೋಡಿ. ಮಗ್ಗದ ಮೇಲೆ ಬಿಗಿತವನ್ನೆಲ್ಲ ತಡೆಯಬೇಕಾದದ್ದು ಹಾಸು. ನೀಲಿಯ ತೊಟ್ಟಿಯಲ್ಲಿ ಮತ್ತೆ ಮತ್ತೆ ಮುಳುಗಿ ಏಳಬೇಕಾದದ್ದೂ ಅದೇ. ಅದು ಗಟ್ಟಿಯಾಗಿರಬೇಕು, ಒಂದೇ ಸಮನಾಗಿರಬೇಕು. ಹೊಕ್ಕಿಗೆ ಅಷ್ಟು ಕಷ್ಟವಿಲ್ಲ. ಆದ್ದರಿಂದ ಹೊಸ ನಾರಿಗೆ ಡೆನಿಮ್ ಮನೆಯ ಬಾಗಿಲು ಹೊಕ್ಕಿನ ಕಡೆಯಿಂದ ತೆರೆಯುತ್ತದೆ. ಬಟ್ಟೆಯ ತೂಕದಲ್ಲಿ ಹೊಕ್ಕಿನ ಪಾಲು ನೂರಕ್ಕೆ 40 ಎಂದುಕೊಳ್ಳೋಣ. ಅದರಲ್ಲಿ ಅರ್ಧ ಬಾಳೆನಾರಾದರೆ ಇಡೀ ಬಟ್ಟೆಯಲ್ಲಿ ನೂರಕ್ಕೆ 20. 600 ಗ್ರಾಂ ತೂಕದ ಪ್ಯಾಂಟಿಗೆ 120 ಗ್ರಾಂ ನಾರು. ಬಾಳೆದಿಂಡಿನ ತೂಕದಲ್ಲಿ ಬಹುಪಾಲು ನೀರೇ. ನೂರು ಕಿಲೋ ದಿಂಡಿಗೆ ಒಂದು ಕಿಲೋ ಒಳ್ಳೆಯ ನಾರು ಬಂದರೂ, ಒಂದು ಪ್ಯಾಂಟಿಗೆ ಹನ್ನೆರಡು ಕಿಲೋ ದಿಂಡು ಬೇಕು. ನೀರು ತುಂಬಿದ ದಿಂಡನ್ನು ಲಾರಿಯಲ್ಲಿ ಪೀಣ್ಯಕ್ಕೆ ಸಾಗಿಸುವುದು ಮೂರ್ಖತನವಾದೀತು. ನಾರು ತೆಗೆಯುವ ಯಂತ್ರ ತೋಟದ ಬದಿಯಲ್ಲೇ ಇರಬೇಕು. ಆಗ ಆ ಕೆಲಸ, ಆ ಕೂಲಿ ಹಳ್ಳಿಯಲ್ಲೇ ಉಳಿಯುತ್ತದೆ.

ಗಿಡದಿಂದ ಬಂದದ್ದೆಲ್ಲ ಒಳ್ಳೆಯದೇ?

ಮೂರನೆಯ ದಾರಿ ಮರ. ಮರದ ತಿರುಳನ್ನು ಕರಗಿಸಿ ಎಳೆ ತೆಗೆಯುವುದು. ವಿಸ್ಕೋಸ್, ಲಯೋಸೆಲ್ ಎಂದು ಚೀಟಿಯ ಮೇಲೆ ಬರೆದಿರುವುದು ಇದನ್ನೇ; ಮೆತ್ತನೆಯ ಜೀನ್ಸ್‌ಗಳಲ್ಲಿ ಇವು ಬೆರೆತಿರುತ್ತವೆ. ವಿಸ್ಕೋಸ್ ನಾರಿಗೆ ನಮ್ಮ ನಾಡಿನಲ್ಲೇ ಒಂದು ಇತಿಹಾಸವಿದೆ. ನೀವು ಅದನ್ನು ತಿಳಿದಿರಲೇಬೇಕು.

1970ರ ದಶಕದಲ್ಲಿ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ನೀಲಗಿರಿ ಮೊದಲಾದ ಮರಗಳ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ನಾರು ತಯಾರಿಸುವ ಘಟಕವೂ ಬಂತು. ನೂರಾರು ಜನರಿಗೆ ಕೆಲಸ ಸಿಕ್ಕಿತು. ನದಿಯ ನೀರು ಕೆಟ್ಟಿತೆಂದು ಕೆಳದಂಡೆಯ ಹಳ್ಳಿಗಳು ದೂರಿದವು. 1984ರಲ್ಲಿ ಕಾರ್ಖಾನೆಗೆ ಮರ ಒದಗಿಸಲು ಸರ್ಕಾರದ ಪಾಲೂ ಇದ್ದ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಹುಟ್ಟಿತು. ಹಳ್ಳಿಯವರು ದನ ಮೇಯಿಸುವ, ಸೌದೆ ತರುವ ಸಾವಿರಾರು ಹೆಕ್ಟೇರ್ ಭೂಮಿ ನೀಲಗಿರಿ ತೋಪಾಗುವುದಕ್ಕೆ ಗೊತ್ತಾಯಿತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ವಿರೋಧಿಸಿತು. ಡಾ. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೊರೆಹೋದವರಲ್ಲಿ ಒಬ್ಬರು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಜನ ಕೂಡಿ ಕೆಲವು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಹಣ್ಣು, ಮೇವಿನ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದು ಅದು ಹೆಸರಾಯಿತು. 1991ರ ಹೊತ್ತಿಗೆ ಆ ಪಲ್ಪ್‌ವುಡ್ಸ್ ಕಂಪನಿಯನ್ನು ಮುಚ್ಚಲು ಸರ್ಕಾರ ನಿರ್ಧರಿಸಿತು.

ನೀಲಗಿರಿ ಸಸ್ಯವೇ. ಅದರ ನಾರು ಸಸ್ಯನಾರೇ. ಆದರೆ ಯಾರ ಭೂಮಿಯಲ್ಲಿ, ಯಾರನ್ನು ಕೇಳಿ ಅದನ್ನು ನೆಟ್ಟರು ಎಂಬ ಪ್ರಶ್ನೆಗೆ ‘ಸಸ್ಯ’ ಎಂಬ ಪದ ಉತ್ತರ ಕೊಡಲಿಲ್ಲ. ವಿಸ್ಕೋಸ್ ತಯಾರಿಕೆಗೆ ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವ ಬೇಕು. ಅನಂತರ ಬಂದ ಲಯೋಸೆಲ್ ವಿಧಾನದಲ್ಲಿ ಅದು ಬೇಡ. ಕರಗಿಸುವ ದ್ರಾವಕದಲ್ಲಿ ನೂರಕ್ಕೆ 99 ಪಾಲನ್ನು ಮರಳಿ ಹಿಡಿದು ಬಳಸಬಹುದು. ಮೋರಿಯ ಸಮಸ್ಯೆಯನ್ನು ರಸಾಯನಶಾಸ್ತ್ರ ಬಹುಮಟ್ಟಿಗೆ ಬಿಡಿಸಿತು. ಭೂಮಿಯ ಪ್ರಶ್ನೆಯನ್ನು ಬಿಡಿಸಬೇಕಾದವರು ನಾವು.

ನೀಲಿ ಮತ್ತು ಕಿಣ್ವ

ಇನ್ನು ಕಾರ್ಖಾನೆಯ ಆ ಇಪ್ಪತ್ತಮೂರು ಕೊಡಗಳ ಮಾತು. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಅಪಕರ್ಷಿಸಿದಾಗ ಹಳದಿ ಹಸಿರಿನ ದ್ರಾವಣವಾಗುತ್ತದೆ. ನೂಲು ಅದರಲ್ಲಿ ಮುಳುಗಿ ಗಾಳಿಗೆ ಬಂದೊಡನೆ ಉತ್ಕರ್ಷಣ ನಡೆದು ನೀಲಿ ಮೂಡುತ್ತದೆ. ಒಳಗೆ ಇಳಿಯುವ ಮೊದಲೇ ಬಣ್ಣ ಹೊರಗೇ ನಿಲ್ಲುವುದರಿಂದ ತಿರುಳು ಬಿಳಿಯಾಗಿ ಉಳಿಯುತ್ತದೆ. ನೀವು ಭೂತಗನ್ನಡಿಯಲ್ಲಿ ಕಂಡದ್ದು ಅದನ್ನೇ. ಹೊಸ ಪ್ಯಾಂಟಿಗೆ ಹಳೆಯದರ ರೂಪ ಕೊಡಲು ಮೊದಲು ಜ್ವಾಲಾಮುಖಿಯ ಹಗುರ ಕಲ್ಲುಗಳ ಜೊತೆ ತಿರುಗಿಸಿ ತೊಳೆಯುತ್ತಿದ್ದರು. ಕೆಲವು ಕಡೆ ಮರಳನ್ನು ರಭಸದಿಂದ ಎರಚುತ್ತಿದ್ದರು. ಆ ಧೂಳಿನಿಂದ ಕಾರ್ಮಿಕರ ಶ್ವಾಸಕೋಶ ಹಾಳಾದದ್ದನ್ನು ಕಂಡು ಟರ್ಕಿ ದೇಶ 2009ರಲ್ಲಿ ಅದನ್ನು ನಿಷೇಧಿಸಿತು.

ಕಲ್ಲಿನ ಕೆಲಸವನ್ನು ಈಗ ಸೆಲ್ಯುಲೇಸ್ ಎಂಬ ಕಿಣ್ವ ಮಾಡುತ್ತದೆ. ಶಿಲೀಂಧ್ರಗಳಿಂದ ಪಡೆಯುವ ಈ ಕಿಣ್ವ ನೂಲಿನ ಮೇಲುಮೈಯ ಸೆಲ್ಯುಲೋಸನ್ನು ಚೂರು ಚೂರೇ ಕಡಿಯುತ್ತದೆ. ಅದರೊಂದಿಗೆ ನೀಲಿಯೂ ಉದುರುತ್ತದೆ. ಈ ಶಾಸ್ತ್ರಕ್ಕೂ ಬೆಂಗಳೂರಿಗೂ ನಂಟಿದೆ. 1978ರಲ್ಲಿ ಇಲ್ಲಿ ಹುಟ್ಟಿದ ಬಯೋಕಾನ್ ಮೊದಲು ಬೆಳೆದದ್ದು ಔಷಧಿಯಿಂದಲ್ಲ, ಕಿಣ್ವಗಳಿಂದ. ಎಲೆಕ್ಟ್ರಾನಿಕ್ ಸಿಟಿಯ ಆ ಸಂಸ್ಥೆ 2007ರಲ್ಲಿ ತನ್ನ ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಝೈಮ್ಸ್ ಕಂಪನಿಗೆ ಮಾರಿತು. ಡೆನಿಮ್ ಕಿಣ್ವಗಳಿಗೆ ಹೆಸರಾದ ಆ ಕಂಪನಿಯ ಭಾರತದ ಕೇಂದ್ರ ವೈಟ್‌ಫೀಲ್ಡಿನಲ್ಲಿ ನೆಲೆಯೂರಿತು. 2024ರಿಂದ ಅದರ ಹೆಸರು ನೋವೋನೆಸಿಸ್. ಅಂದರೆ ಹೊಲಿಯುವ ಕೈ, ಉಡುವ ಮೈ ಮಾತ್ರವಲ್ಲ, ಬಿಡಿಸುವ ವಿಜ್ಞಾನವೂ ಈ ಊರಿನ ಅಂಚಿನಲ್ಲೇ ಇದೆ. ಬಾಳೆನಾರಿನ ಅಂಟನ್ನು ಕಡಿಮೆ ಖರ್ಚಿನಲ್ಲಿ ಬಿಡಿಸುವ ಕಿಣ್ವವನ್ನು ನಿಮ್ಮಲ್ಲಿ ಒಬ್ಬರು ಏಕೆ ಸಿದ್ಧಪಡಿಸಬಾರದು?

ನಾಲ್ಕು ಪ್ರಶ್ನೆಗಳು

ಇನ್ನು ಮುಂದೆ ‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂಬ ಚೀಟಿ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಈ ಗಿಡ ಯಾರ ಭೂಮಿಯಲ್ಲಿ, ಯಾವ ನೀರಿನಲ್ಲಿ ಬೆಳೆಯಿತು? ಗಿಡವನ್ನು ನಾರು ಮಾಡಲು ಏನನ್ನು ಸುರಿದರು, ಅದು ಎಲ್ಲಿಗೆ ಹೋಯಿತು? ಬಟ್ಟೆ ಎಷ್ಟು ವರ್ಷ ಬಾಳುತ್ತದೆ? ಬೆಲೆಯಲ್ಲಿ ಬೆಳೆದವರಿಗೆ, ಹೊಲಿದವರಿಗೆ ಎಷ್ಟು ತಲುಪಿತು? ಮೂರನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಒಂದು ಪ್ಯಾಂಟನ್ನು ಎರಡು ವರ್ಷದ ಬದಲು ನಾಲ್ಕು ವರ್ಷ ಉಟ್ಟರೆ ಹೊಲದ ಆ 170 ಕೊಡ ನೀರು ವರ್ಷಕ್ಕೆ ಅರ್ಧವಾಗುತ್ತದೆ. ಯಾವ ಹೊಸ ನಾರೂ ಇಷ್ಟು ಬೇಗ ಇಷ್ಟು ಉಳಿಸಲಾರದು. ಹಾಗೆಯೇ ಎರಡು ಸಲ ಉಟ್ಟೊಡನೆ ಒಗೆಯದೆ, ಕೊಳೆಯಾದಾಗ ಮಾತ್ರ ಒಗೆದರೆ ಆ 58 ಕೊಡಗಳಲ್ಲೂ ಉಳಿತಾಯವುಂಟು.

ಹಾಸು ನಾಡಹತ್ತಿಯದಾಗಲಿ, ಹೊಕ್ಕಿನಲ್ಲಿ ತೋಟದ ಬಾಳೆಯೂ ಸೇರಲಿ. ಎರಡೂ ನಮ್ಮ ಕೈಯಳತೆಯಲ್ಲಿರುವ ಮಾತೇ. ಆದರೆ ಗಿರಣಿ ಒಳ್ಳೆಯ ಬೆಲೆ ಕೊಡದೆ ಗದಗದ ರೈತ ಮತ್ತೆ ಜಯಧರ ಬಿತ್ತುವುದಿಲ್ಲ. ಕೊಳ್ಳುವವರು ಕೇಳದೆ ಗಿರಣಿ ಆ ಬೆಲೆ ಕೊಡುವುದಿಲ್ಲ. ಕೊಳ್ಳುವವರು ನೀವು. ಈ ರಜೆಯಲ್ಲಿ ಮನೆಯವರ ಬಟ್ಟೆಗಳ ಒಳಚೀಟಿಗಳನ್ನೆಲ್ಲ ಓದಿ, ಯಾವ ನಾರು ಎಷ್ಟು ಪಾಲು ಎಂದು ಪಟ್ಟಿ ಮಾಡಿ, ನಿಮ್ಮ ವಿಜ್ಞಾನ ಸಂಘದಲ್ಲಿ ಇಟ್ಟು ಚರ್ಚಿಸಿ. ಊರಿನಲ್ಲಿ ಅಜ್ಜ ಅಜ್ಜಿಯರಿದ್ದರೆ ಪುಂಡಿ ನಾರನ್ನು ಹೇಗೆ ತೆಗೆಯುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡಲ್ಲಿಂದ ನಿಮ್ಮ ಪ್ರಯೋಗ ಆರಂಭವಾಗಲಿ.